ಬೀಗ ಯಾವುದು, ಪರದೆ ಯಾವುದು? – ಮನೆಯ ವೈ-ಫೈ ಸುರಕ್ಷತಾ ಸಲಹೆಗಳ ಒಂದು ವಿಮರ್ಶೆ

ಮನೆಗೆ ಹೊಸ ವೈ-ಫೈ ರೂಟರ್ ತಂದಾಗ ಡಬ್ಬಿಯೊಳಗೆ ಒಂದು ಮಡಿಸಿದ ಹಾಳೆ ಸಿಗುತ್ತದೆ. ಅದರ ಕೊನೆಯಲ್ಲಿ, ಕನ್ನಡಕ ಹಾಕಿಕೊಂಡೇ ಓದಬೇಕಾದಷ್ಟು ಸಣ್ಣ ಅಕ್ಷರಗಳಲ್ಲಿ, ಜಾಲವನ್ನು ಸುರಕ್ಷಿತವಾಗಿ ಇಟ್ಟುಕೊಳ್ಳಲು ಏಳೆಂಟು ಸಲಹೆಗಳಿರುತ್ತವೆ. ದಿನಪತ್ರಿಕೆಗಳ ತಂತ್ರಜ್ಞಾನದ ಅಂಕಣಗಳಲ್ಲೂ ಹೆಚ್ಚುಕಡಿಮೆ ಇದೇ ಪಟ್ಟಿ ಆಗಾಗ ಕಾಣಿಸುತ್ತದೆ. ಜಾಲದ ಹೆಸರನ್ನು ಮರೆಮಾಡಿ, ಗೊತ್ತಿರುವ ಸಾಧನಗಳ ವಿಳಾಸಗಳನ್ನು ಮಾತ್ರ ಒಳಗೆ ಬಿಡಿ, ಪ್ರಸಾರದ ಶಕ್ತಿಯನ್ನು ತಗ್ಗಿಸಿ, ರೂಟರನ್ನು ಕಿಟಕಿಯ ಬಳಿ ಇಡಬೇಡಿ, ಗೂಢಲಿಪೀಕರಣವನ್ನು ಚಾಲನೆಗೊಳಿಸಿ, ಪಾಸ್‌ವರ್ಡ್ ಬದಲಾಯಿಸಿ, ಊರಿಗೆ ಹೋಗುವಾಗ ಸ್ವಿಚ್ ಆರಿಸಿ.

ಈ ಪಟ್ಟಿಯಲ್ಲಿ ಸುಳ್ಳು ಏನೂ ಇಲ್ಲ. ಆದರೆ ಅದನ್ನು ಓದಿದವರಿಗೆ ಏಳು ಸಲಹೆಗಳಿಗೂ ಒಂದೇ ತೂಕವಿದೆ ಎಂಬ ಭಾವನೆ ಬರುತ್ತದೆ. ಏಳರಲ್ಲಿ ಐದನ್ನು ಮಾಡಿದ ಗೃಹಸ್ಥ ತಾನು ಐದು ಬೀಗ ಹಾಕಿದ್ದೇನೆ ಎಂದು ನಿಶ್ಚಿಂತನಾಗುತ್ತಾನೆ. ಅವುಗಳಲ್ಲಿ ನಾಲ್ಕು ಬರೀ ಕಿಟಕಿಯ ಪರದೆಗಳಾಗಿರಬಹುದು. ಯಾವುದು ಬೀಗ, ಯಾವುದು ಪರದೆ ಎಂದು ವಿಂಗಡಿಸಲು ಗಣಕ ವಿಜ್ಞಾನದ ಪದವಿ ಬೇಕಾಗಿಲ್ಲ. ಪದವಿಪೂರ್ವ ತರಗತಿಯ ಭೌತವಿಜ್ಞಾನ ಮತ್ತು ಸ್ವಲ್ಪ ಅಂಕಗಣಿತ ಸಾಕು. ಪಟ್ಟಿ ತಯಾರಿಸುವವರು ಆ ಲೆಕ್ಕವನ್ನು ಮಾಡಿ ತೋರಿಸುವುದಿಲ್ಲ ಎಂಬುದೇ ನನ್ನ ಮುಖ್ಯ ಆಕ್ಷೇಪ. ಇನ್ನೊಂದು ಆಕ್ಷೇಪವೂ ಇದೆ: ತಯಾರಕರು ಮಾಡಬೇಕಾದ ಕೆಲಸವನ್ನು ಈ ಪಟ್ಟಿಗಳು ಬಳಕೆದಾರರ ಹೆಗಲಿಗೆ ಹಾಕುತ್ತವೆ.

ಏನು ಕಳೆದುಹೋಗುತ್ತದೆ?

ಪಕ್ಕದ ಮನೆಯ ಹುಡುಗ ನಮ್ಮ ಜಾಲದಲ್ಲಿ ನಾಲ್ಕು ಸಿನಿಮಾ ನೋಡಿದರೆ ಆಗುವ ನಷ್ಟ ಎಷ್ಟು ಎಂದು ಕೇಳುವವರಿದ್ದಾರೆ. ಅವರು 2008ನೇ ಇಸವಿಯನ್ನು ನೆನಪಿಸಿಕೊಳ್ಳಬೇಕು. ಆ ವರ್ಷದ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟಗಳಾದವು. ಸ್ಫೋಟಕ್ಕೆ ಕೆಲವೇ ನಿಮಿಷಗಳ ಮೊದಲು ಸುದ್ದಿ ಸಂಸ್ಥೆಗಳಿಗೆ ಬಂದ ಬೆದರಿಕೆಯ ಇ-ಮೇಲ್‌ನ ಜಾಡು ಹಿಡಿದು ಹೋದ ಪೊಲೀಸರು ತಲುಪಿದ್ದು ನವಿ ಮುಂಬೈಯಲ್ಲಿ ವಾಸವಾಗಿದ್ದ ಒಬ್ಬ ಅಮೆರಿಕನ್ ಪ್ರಜೆಯ ಮನೆಗೆ. ಅವರ ವೈ-ಫೈ ಜಾಲವನ್ನು ಬೇರೆಯವರು ಬಳಸಿಕೊಂಡಿದ್ದರು. ಅವರ ಗಣಕಗಳು ಪರೀಕ್ಷೆಗೆ ಹೋದವು, ಅವರು ವಿಚಾರಣೆಯನ್ನು ಎದುರಿಸಬೇಕಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ದೆಹಲಿಯ ಸ್ಫೋಟಗಳ ಹೊತ್ತಿಗೆ ಬಂದ ಇ-ಮೇಲ್ ಕೂಡ ಮುಂಬೈಯ ಚೆಂಬೂರಿನಲ್ಲಿ ಮತ್ತೊಬ್ಬರ ಜಾಲದ ಮೂಲಕ ಹೊರಟಿತ್ತು. 2009ರ ಫೆಬ್ರವರಿಯಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆಯು ಅಂತರಜಾಲ ಸೇವೆ ನೀಡುವ ಕಂಪನಿಗಳಿಗೆ ವೈ-ಫೈ ಸುರಕ್ಷತೆಯ ಬಗ್ಗೆ ಸೂಚನೆಗಳನ್ನು ಹೊರಡಿಸಿತು.

ಹೊರಗಿನ ಜಗತ್ತಿಗೆ ಕಾಣುವುದು ರೂಟರಿನ ಒಂದೇ ವಿಳಾಸ. ಅದರ ಹಿಂದೆ ಕುಳಿತವರು ಮನೆಯವರೋ, ಬೀದಿಯಲ್ಲಿ ನಿಂತ ಕಾರಿನಲ್ಲಿದ್ದವರೋ ಎಂಬುದು ಆ ವಿಳಾಸದಿಂದ ತಿಳಿಯುವುದಿಲ್ಲ. ಆದ್ದರಿಂದ ಕಳೆದುಹೋಗುವುದು ನಾಲ್ಕು ಸಿನಿಮಾದ ಡೇಟಾ ಮಾತ್ರವಲ್ಲ. ತಾನು ಮಾಡದ ಕೆಲಸಕ್ಕೆ ತಾನು ಉತ್ತರ ಹೇಳಬೇಕಾಗುತ್ತದೆ.

ಗೋಡೆ, ಕಿಟಕಿ ಮತ್ತು ತರಂಗ

ಮೊದಲು ಶಕ್ತಿ ತಗ್ಗಿಸುವ ಸಲಹೆಯನ್ನು ನೋಡೋಣ. ಮನೆಯ ರೂಟರು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಆವೃತ್ತಿಗಳಲ್ಲಿ ಪ್ರಸಾರ ಮಾಡುತ್ತದೆ. 2.4 ಗಿಗಾಹರ್ಟ್ಸ್ ತರಂಗದ ತರಂಗದೂರ ಹನ್ನೆರಡೂವರೆ ಸೆಂಟಿಮೀಟರ್, ಅಂದರೆ ಸುಮಾರು ಒಂದು ಗೇಣಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಪ್ರಸಾರದ ಶಕ್ತಿ ನೂರು ಮಿಲಿವ್ಯಾಟ್ ಎಂದಿಟ್ಟುಕೊಳ್ಳಿ. ಅಡ್ಡಿಯಿಲ್ಲದ ಬಯಲಿನಲ್ಲಿ ನೂರು ಮೀಟರ್ ದೂರ ಹೋದಾಗ ಸಾಮಾನ್ಯ ಆಂಟೆನಾಕ್ಕೆ ಸಿಗುವ ಶಕ್ತಿ ಸುಮಾರು ಒಂದು ನ್ಯಾನೋವ್ಯಾಟ್. ನೂರು ಮಿಲಿವ್ಯಾಟ್‌ನ ಹತ್ತು ಕೋಟಿಯಲ್ಲಿ ಒಂದು ಪಾಲು! ಇಷ್ಟು ಕಡಿಮೆಯಾದ ಮೇಲೆ ಏನು ಉಳಿಯಿತು ಎನ್ನಿಸಬಹುದು. ಆದರೆ ಇಂದಿನ ಮೊಬೈಲುಗಳಲ್ಲಿರುವ ರೇಡಿಯೊ ಗ್ರಾಹಕವು ಒಂದು ಪಿಕೋವ್ಯಾಟ್‌ನ ಆಸುಪಾಸಿನಲ್ಲೂ ಸಂಕೇತವನ್ನು ಗುರುತಿಸಬಲ್ಲದು. ಅದು ನ್ಯಾನೋವ್ಯಾಟ್‌ನ ಸಾವಿರದಲ್ಲಿ ಒಂದು ಭಾಗ. ನಡುವೆ ಎರಡು ಇಟ್ಟಿಗೆ ಗೋಡೆಗಳಿದ್ದು, ಒಂದೊಂದೂ ಶಕ್ತಿಯನ್ನು ಐದು ಪಟ್ಟು ತಗ್ಗಿಸಿದರೂ ನಲವತ್ತು ಪಿಕೋವ್ಯಾಟ್ ಉಳಿಯುತ್ತದೆ. ಬೀದಿಯ ಆಚೆ ಬದಿಯಲ್ಲಿ ನಮ್ಮ ಜಾಲ ಸಿಗುವುದು ಇದರಿಂದಲೇ.

ಈಗ ಪ್ರಸಾರದ ಶಕ್ತಿಯನ್ನು ಕಾಲುಭಾಗಕ್ಕೆ ಇಳಿಸಿದೆವೆನ್ನಿ. ದೂರದ ವರ್ಗಕ್ಕೆ ವಿಲೋಮವಾಗಿ ಶಕ್ತಿ ತಗ್ಗುವ ನಿಯಮದಂತೆ ವ್ಯಾಪ್ತಿ ಅರ್ಧವಾಗುತ್ತದೆ. ಸಲಹಾಪಟ್ಟಿ ಇಲ್ಲಿಗೆ ನಿಲ್ಲುತ್ತದೆ. ಆದರೆ ಒಂದು ತಗಡಿನ ಡಬ್ಬಿಯಿಂದ ಮಾಡಿದ ದಿಕ್ಕುಬದ್ಧ ಆಂಟೆನಾ ಕೂಡ ಒಂದೇ ದಿಕ್ಕಿನಲ್ಲಿ ಸುಮಾರು ಹತ್ತು ಪಟ್ಟು ಗಳಿಕೆ ಕೊಡುತ್ತದೆ. ನಾವು ನಾಲ್ಕು ಪಟ್ಟು ಇಳಿಸಿದ್ದನ್ನು ಕೇಳುವವನು ತನ್ನ ಕಡೆಯಿಂದ ಹತ್ತು ಪಟ್ಟು ಏರಿಸಿಕೊಳ್ಳುತ್ತಾನೆ. ಕಷ್ಟವಾಗುವುದು ಮನೆಯ ಹಿಂದಿನ ಕೋಣೆಯಲ್ಲಿ ಆನ್‌ಲೈನ್ ಪಾಠ ಕೇಳುವ ಮಗುವಿಗೆ ಮಾತ್ರ. ದಿಕ್ಕುಬದ್ಧ ಆಂಟೆನಾಗಳ ಸಾಮರ್ಥ್ಯ ಎಷ್ಟು ಎಂಬುದಕ್ಕೆ ವೆನೆಜುವೆಲಾದ ಉದಾಹರಣೆಯನ್ನು ಕೊಡಬಹುದು. ಅಲ್ಲಿ 2007ರಲ್ಲಿ ಎರ್ಮಾನೊ ಪಿಯೆತ್ರೊಸೆಮೊಲಿ ಮತ್ತು ಸಂಗಡಿಗರು ಎರಡು ಪರ್ವತಗಳ ನಡುವೆ 382 ಕಿಲೋಮೀಟರ್ ದೂರಕ್ಕೆ ವೈ-ಫೈ ಸಂಪರ್ಕವನ್ನು ಸಾಧಿಸಿದರು. ಅವರು ಬಳಸಿದ್ದು ಅಂಗಡಿಯಲ್ಲಿ ಸಿಗುವಂಥ ಉಪಕರಣಗಳನ್ನು, ಜೊತೆಗೆ ದೊಡ್ಡ ತಟ್ಟೆ ಆಂಟೆನಾಗಳನ್ನು. ನಡುವೆ ಅಡ್ಡಿಯಿಲ್ಲದ ನೇರ ನೋಟ ಬೇಕು, ತಂತ್ರಾಂಶದಲ್ಲೂ ಬದಲಾವಣೆ ಬೇಕು, ನಿಜ. ಆದರೂ ‘ಕಿಟಕಿಯಿಂದ ದೂರವಿಡಿ’ ಎಂಬ ಸಲಹೆ ಈ ಅಂಕಿಯ ಎದುರಿಗೆ ಎಷ್ಟು ಬಡಕಲಾಗಿ ಕಾಣುತ್ತದೆ!

ರೂಟರನ್ನು ಮನೆಯ ಮಧ್ಯದಲ್ಲಿ ಇಡುವುದು ಒಳ್ಳೆಯದೇ. ಎಲ್ಲ ಕೋಣೆಗಳಿಗೂ ಸಂಕೇತ ಸಮನಾಗಿ ಸಿಗುತ್ತದೆ. ಅದಕ್ಕೆ ‘ಸುರಕ್ಷತೆ’ ಎಂಬ ಹೆಸರು ಕೊಡುವುದು ಬೇಡ.

ಮರೆಮಾಡಿದ ಹೆಸರು

ಹೆಸರು ಮರೆಮಾಡುವ ಸಲಹೆ ಇನ್ನೂ ಜನಪ್ರಿಯ. ರೂಟರು ಸೆಕೆಂಡಿಗೆ ಸುಮಾರು ಹತ್ತು ಸಲ ‘ನಾನು ಇಲ್ಲಿದ್ದೇನೆ, ನನ್ನ ಹೆಸರು ಇಂಥದು’ ಎಂದು ಸಾರುತ್ತಿರುತ್ತದೆ. ಹೆಸರನ್ನು ಮರೆಮಾಡಿದಾಗ ಸಾರುವುದು ನಿಲ್ಲುವುದಿಲ್ಲ. ಹೆಸರಿನ ಜಾಗ ಮಾತ್ರ ಖಾಲಿಯಾಗುತ್ತದೆ. ಮನೆಯ ಮೊಬೈಲು ಸಂಪರ್ಕಕ್ಕೆ ಬಂದಾಗ ಅದು ಹೆಸರು ಹಿಡಿದೇ ಕೇಳಬೇಕು, ರೂಟರು ಹೆಸರು ಹೇಳಿಯೇ ಉತ್ತರಿಸಬೇಕು. ಈ ಮಾತುಕತೆ ಗೂಢಲಿಪಿಯಲ್ಲಿ ಇರುವುದಿಲ್ಲ. ಕಾಯುತ್ತ ಕುಳಿತವನಿಗೆ ಹೆಸರು ಕೆಲವೇ ನಿಮಿಷಗಳಲ್ಲಿ ಸಿಗುತ್ತದೆ.

ಇದರಲ್ಲಿ ಇನ್ನೊಂದು ವಕ್ರವೂ ಇದೆ. ಹೆಸರು ಮರೆಯಾಗಿರುವ ಜಾಲವನ್ನು ಹುಡುಕಲು ಮೊಬೈಲು ತಾನೇ ಅದರ ಹೆಸರನ್ನು ಕೂಗಬೇಕಾಗುತ್ತದೆ, ಬಸ್ ನಿಲ್ದಾಣದಲ್ಲೂ, ಮದುವೆ ಮಂಟಪದಲ್ಲೂ. ಮನೆಯಲ್ಲಿ ಮುಚ್ಚಿಟ್ಟ ಹೆಸರನ್ನು ಊರೆಲ್ಲ ಸಾರಿಕೊಂಡು ಬಂದಂತಾಯಿತು. (ಹೆಸರಿನ ವಿಷಯದಲ್ಲಿ ನಾನು ಕೊಡುವ ಸಲಹೆ ಒಂದೇ: ಮನೆಯ ನಂಬರು, ಮನೆತನದ ಹೆಸರು ಅದರಲ್ಲಿ ಬೇಡ. ‘ಪೊಲೀಸ್ ವ್ಯಾನ್’ ಎಂದು ಹೆಸರಿಟ್ಟು ನೆರೆಯವರನ್ನು ಹೆದರಿಸುವ ಹುಡುಗರ ಬಗ್ಗೆ ನನಗೆ ತಕರಾರಿಲ್ಲ.)

ಸಾಧನಗಳ ವಿಳಾಸ ನೋಡಿ ಒಳಗೆ ಬಿಡುವ ಕ್ರಮದ ಕಥೆಯೂ ಇಂಥದೇ. ಪ್ರತಿ ಸಾಧನದ ವೈ-ಫೈ ಭಾಗಕ್ಕೂ 48 ಬಿಟ್‌ಗಳ ಒಂದು ವಿಳಾಸವಿದೆ; ಇದನ್ನು ಮ್ಯಾಕ್ ವಿಳಾಸ ಎನ್ನುತ್ತಾರೆ. ಸಂದೇಶವನ್ನು ಎಷ್ಟೇ ಬಲವಾದ ಗೂಢಲಿಪಿಯಲ್ಲಿ ಬರೆದರೂ ಲಕೋಟೆಯ ಮೇಲಿನ ಈ ವಿಳಾಸ ಬಯಲಲ್ಲೇ ಹೋಗುತ್ತದೆ. ಅದನ್ನು ನೋಡಿಕೊಂಡವನು ತನ್ನ ಗಣಕಕ್ಕೆ ಅದೇ ವಿಳಾಸವನ್ನು ಹಾಕಿಕೊಳ್ಳಲು ಒಂದೆರಡು ಆದೇಶಗಳು ಸಾಕು. ಇಂದಿನ ಮೊಬೈಲುಗಳು ಬಳಕೆದಾರರ ಜಾಡು ಹಿಡಿಯುವುದನ್ನು ತಪ್ಪಿಸಲು ಒಂದೊಂದು ಜಾಲಕ್ಕೆ ಒಂದೊಂದು ಕೃತಕ ವಿಳಾಸವನ್ನು ತೋರಿಸುತ್ತವೆ. ಇದರಿಂದ ಪಟ್ಟಿ ಮಾಡಿಟ್ಟುಕೊಂಡ ಗೃಹಸ್ಥನಿಗೇ ತಲೆನೋವು. ಅತಿಕ್ರಮಿಗೆ ಏನೂ ಇಲ್ಲ.

ಡಚ್ ಮೂಲದ ಆಗಸ್ಟ್ ಕೆರ್ಕ್‌ಹಾಫ್ಸ್ ಎಂಬ ಭಾಷಾ ಅಧ್ಯಾಪಕರು 1883ರಲ್ಲೇ ಸೈನ್ಯದ ಗೂಢಲಿಪಿಗಳ ಬಗ್ಗೆ ಫ್ರೆಂಚ್ ಪತ್ರಿಕೆಯೊಂದರಲ್ಲಿ ಬರೆಯುತ್ತ ಒಂದು ನಿಯಮವನ್ನು ಹೇಳಿದ್ದರು. ವ್ಯವಸ್ಥೆಯ ಎಲ್ಲ ವಿವರಗಳೂ ಶತ್ರುವಿನ ಕೈಗೆ ಸಿಕ್ಕರೂ ತೊಂದರೆಯಾಗಬಾರದು, ರಹಸ್ಯವೆಲ್ಲ ಕೀಲಿಯಲ್ಲಿ ಮಾತ್ರ ಇರಬೇಕು ಎಂಬುದು ಅದರ ಸಾರ. ಹೆಸರು, ವಿಳಾಸ, ಶಕ್ತಿ ಇವುಗಳಲ್ಲಿ ರಹಸ್ಯವನ್ನು ಹುಡುಕುವ ಸಲಹೆಗಳು ಈ ನಿಯಮಕ್ಕೆ ಮುಂಚಿನ ಕಾಲದವು ಎಂದೇ ಹೇಳಬೇಕು. ಹಾಗಾದರೆ ಕೀಲಿಯ ಸ್ಥಿತಿ ಏನು?

ತಜ್ಞರು ಮಾಡಿದ ಬೀಗ

‘ಗೂಢಲಿಪೀಕರಣವನ್ನು ಚಾಲನೆಗೊಳಿಸಿ’ ಎಂಬ ಒಂದು ಸಾಲು ಸಾಲದು. ಯಾವ ಗೂಢಲಿಪೀಕರಣ ಎಂಬುದೇ ಪ್ರಶ್ನೆ. ವೈ-ಫೈಯ ಮೊದಲ ಮಾನಕ 1997ರಲ್ಲಿ ಬಂದಾಗ ಅದರಲ್ಲಿ ವೆಪ್ ಎಂಬ ವ್ಯವಸ್ಥೆ ಇತ್ತು. ತಂತಿಯ ಜಾಲದಷ್ಟೇ ಗೋಪ್ಯತೆ ಎಂಬುದು ಆ ಹೆಸರಿನ ಆಶಯ. ಅದು ಮುರಿದುಬಿದ್ದ ರೀತಿಯನ್ನು ಸ್ವಲ್ಪ ವಿವರವಾಗಿ ನೋಡುವುದು ಉಪಯುಕ್ತ, ಏಕೆಂದರೆ ಅಲ್ಲಿ ತಪ್ಪು ಮಾಡಿದವರು ಗೃಹಸ್ಥರಲ್ಲ.

ವೆಪ್‌ನಲ್ಲಿ ಕೀಲಿಯಿಂದ ಒಂದು ಉದ್ದವಾದ ಬಿಟ್‌ಗಳ ಸರಣಿಯನ್ನು ತಯಾರಿಸಿ ಅದನ್ನು ಸಂದೇಶದ ಬಿಟ್‌ಗಳೊಂದಿಗೆ ಕೂಡಿಸಲಾಗುತ್ತದೆ. ಇಲ್ಲಿ ಕೂಡಿಸುವುದೆಂದರೆ ದಶಕ ಒಯ್ಯದ ಎರಡರ ಪದ್ಧತಿಯ ಕೂಡಿಕೆ. ಒಂದೇ ಸರಣಿಯನ್ನು ಎರಡು ಸಂದೇಶಗಳಿಗೆ ಬಳಸಬಾರದು ಎಂಬುದು ಇಂಥ ವ್ಯವಸ್ಥೆಗಳ ಮೊದಲ ನಿಯಮ. ಬಳಸಿದರೆ, ಎರಡು ಗೂಢ ಸಂದೇಶಗಳನ್ನು ಪರಸ್ಪರ ಕೂಡಿಸಿದಾಗ ಸರಣಿ ತಾನಾಗಿ ಹೊಡೆದುಹೋಗಿ ಎರಡು ಮೂಲ ಸಂದೇಶಗಳ ಕೂಡಿಕೆ ಉಳಿಯುತ್ತದೆ. ಒಂದರ ತುಣುಕು ಗೊತ್ತಿದ್ದರೆ ಇನ್ನೊಂದರ ತುಣುಕು ಸಿಕ್ಕಿಬಿಡುತ್ತದೆ. ಇದನ್ನು ತಪ್ಪಿಸಲು ಪ್ರತಿ ಪ್ಯಾಕೆಟ್ಟಿಗೂ ಕೀಲಿಯ ಜೊತೆಗೆ 24 ಬಿಟ್‌ಗಳ ಒಂದು ಬದಲಾಗುವ ಸಂಖ್ಯೆಯನ್ನು ಸೇರಿಸಿದರು. 24 ಬಿಟ್ ಎಂದರೆ 1,67,77,216 ಬೇರೆ ಬೇರೆ ಸಂಖ್ಯೆಗಳು. ಸಮಿತಿಯವರಿಗೆ ಇದು ಸಾಕಷ್ಟು ದೊಡ್ಡದೆಂದು ಕಂಡಿರಬೇಕು.

ಆದರೆ ಸಂಭವನೀಯತೆಯ ಪಾಠದಲ್ಲಿ ಬರುವ ಜನ್ಮದಿನದ ಸಮಸ್ಯೆಯನ್ನು ನೆನಪಿಸಿಕೊಳ್ಳಿ. ಒಂದು ಕೋಣೆಯಲ್ಲಿ 23 ಜನರಿದ್ದರೆ ಇಬ್ಬರ ಜನ್ಮದಿನ ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು; 365 ಜನ ಬೇಕಾಗಿಲ್ಲ. ಅದೇ ಲೆಕ್ಕದಲ್ಲಿ, ಯಾದೃಚ್ಛಿಕವಾಗಿ ಆರಿಸಿದ 24 ಬಿಟ್‌ಗಳ ಸಂಖ್ಯೆ ಮರುಕಳಿಸಲು ಒಂದೂಮುಕ್ಕಾಲು ಕೋಟಿ ಪ್ಯಾಕೆಟ್ ಬೇಕಿಲ್ಲ. ಸುಮಾರು ಐದು ಸಾವಿರ ಪ್ಯಾಕೆಟ್ ಸಾಕು. ಬಿಡುವಿಲ್ಲದ ಜಾಲದಲ್ಲಿ ಇದು ಕೆಲವು ಸೆಕೆಂಡುಗಳ ಮಾತು.

ಇನ್ನೊಂದು ದೋಷ ನನಗೆ ಇದಕ್ಕಿಂತ ಹೆಚ್ಚು ಆಶ್ಚರ್ಯ ತರುತ್ತದೆ. ಸಂದೇಶವನ್ನು ದಾರಿಯಲ್ಲಿ ಯಾರಾದರೂ ತಿದ್ದಿದ್ದಾರೆಯೇ ಎಂದು ತಿಳಿಯಲು ವೆಪ್ ಬಳಸಿದ್ದು ಸಿಆರ್‌ಸಿ ಎಂಬ ಪರೀಕ್ಷಾ ಮೊತ್ತವನ್ನು. ತಂತಿಯಲ್ಲಿನ ಗದ್ದಲದಿಂದ ಅಕಸ್ಮಾತ್ತಾಗಿ ಆಗುವ ದೋಷಗಳನ್ನು ಹಿಡಿಯಲು ಅದು ಬಹಳ ಒಳ್ಳೆಯ ಸಾಧನ. ಆದರೆ ಅದರ ಗಣಿತ ರೇಖೀಯ: ಸಂದೇಶದ ಯಾವ ಬಿಟ್ಟನ್ನು ತಿರುಗಿಸಿದರೆ ಮೊತ್ತದ ಯಾವ ಬಿಟ್‌ಗಳು ತಿರುಗುತ್ತವೆ ಎಂಬುದನ್ನು ಕೀಲಿ ಗೊತ್ತಿಲ್ಲದೆಯೇ ಲೆಕ್ಕಹಾಕಬಹುದು. ಹೀಗಾಗಿ ಗೂಢಲಿಪಿಯ ಮೇಲಿಂದಲೇ ಸಂದೇಶವನ್ನೂ ಮೊತ್ತವನ್ನೂ ಒಟ್ಟಿಗೆ ತಿದ್ದಬಹುದಾಗಿತ್ತು. ಗದ್ದಲಕ್ಕೆ ಉದ್ದೇಶವಿಲ್ಲ, ಶತ್ರುವಿಗೆ ಇದೆ. ಈ ವ್ಯತ್ಯಾಸವನ್ನು ಸಮಿತಿ ಗಮನಿಸಲಿಲ್ಲ.

2001ರಲ್ಲಿ ನಿಕಿಟಾ ಬೊರಿಸೊವ್, ಇಯಾನ್ ಗೋಲ್ಡ್‌ಬರ್ಗ್ ಮತ್ತು ಡೇವಿಡ್ ವ್ಯಾಗ್ನರ್ ಈ ದೋಷಗಳನ್ನು ಬಯಲು ಮಾಡಿದರು. ಅದೇ ವರ್ಷ ಸ್ಕಾಟ್ ಫ್ಲುರರ್, ಇಟ್ಸಿಕ್ ಮಾಂಟಿನ್ ಮತ್ತು ಆದಿ ಶಮೀರ್ ಅವರು ಕೀಲಿಯನ್ನೇ ಹೊರತೆಗೆಯುವ ದಾರಿಯನ್ನು ತೋರಿಸಿದರು. 2007ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್ ತಾಂತ್ರಿಕ ವಿಶ್ವವಿದ್ಯಾಲಯದ ಮೂವರು ಸಂಶೋಧಕರು 104 ಬಿಟ್‌ಗಳ ವೆಪ್ ಕೀಲಿಯನ್ನು ಒಂದು ನಿಮಿಷದೊಳಗೆ ಪಡೆಯಬಹುದೆಂದು ಸಾಧಿಸಿದರು. ಆದರೂ ಅದಾದ ಮೇಲೆ ಎಷ್ಟೋ ವರ್ಷ ರೂಟರುಗಳ ಆಯ್ಕೆಪಟ್ಟಿಯಲ್ಲಿ ವೆಪ್ ಇದ್ದೇ ಇತ್ತು, ಅದನ್ನು ಆರಿಸಿಕೊಂಡವರಿಗೆ ‘ಸುರಕ್ಷಿತ’ ಎಂಬ ಚಿಹ್ನೆಯೂ ಕಾಣುತ್ತಿತ್ತು.

ಹೋಲಿಕೆಗಾಗಿ ಏಇಎಸ್ ಎಂಬ ಗೂಢಲಿಪಿಯನ್ನು ನೋಡಬಹುದು. ಅಮೆರಿಕದ ಮಾನಕ ಸಂಸ್ಥೆ 1997ರಲ್ಲಿ ಬಹಿರಂಗ ಸ್ಪರ್ಧೆಯನ್ನು ಪ್ರಕಟಿಸಿತು. ಹದಿನೈದು ವಿನ್ಯಾಸಗಳು ಬಂದವು. ಪ್ರಪಂಚದ ಗಣಿತಜ್ಞರೆಲ್ಲ ಅವುಗಳನ್ನು ಮುರಿಯಲು ಪ್ರಯತ್ನಿಸಿದರು. ಕೊನೆಗೆ ಬೆಲ್ಜಿಯಂನ ಯೋನ್ ಡಾಮನ್ ಮತ್ತು ವಿನ್ಸೆಂಟ್ ರೈಮನ್ ಅವರ ವಿನ್ಯಾಸ 2001ರಲ್ಲಿ ಮಾನಕವಾಯಿತು. ಅದಕ್ಕೆ ಪ್ರಾಯೋಗಿಕವಾದ ಒಡಕು ಇಂದಿಗೂ ಸಿಕ್ಕಿಲ್ಲ. 2004ರಲ್ಲಿ ಬಂದ ಡಬ್ಲ್ಯುಪಿಎ2 ವ್ಯವಸ್ಥೆ ಈ ಏಇಎಸ್ ಅನ್ನು ಬಳಸುತ್ತದೆ. ಆದ್ದರಿಂದ ರೂಟರಿನ ಆಯ್ಕೆಪಟ್ಟಿಯಲ್ಲಿ ಡಬ್ಲ್ಯುಪಿಎ2-ಏಇಎಸ್ ಅಥವಾ ಡಬ್ಲ್ಯುಪಿಎ3 ಎಂದಿರುವುದನ್ನೇ ಆರಿಸಬೇಕು. ವೆಪ್, ಟಿಕೆಐಪಿ ಎಂಬ ಹೆಸರುಗಳು ಬೇಡ.

ಬೀಗ ಗಟ್ಟಿಯಾದ ಮೇಲೆ ತಯಾರಕರು ಪಕ್ಕದಲ್ಲೇ ಒಂದು ಕಿಂಡಿ ಕೊರೆದ ಉದಾಹರಣೆಯೂ ಇದೆ. ಪಾಸ್‌ವರ್ಡ್ ಟೈಪು ಮಾಡುವ ಕಷ್ಟವನ್ನು ತಪ್ಪಿಸಲು ಡಬ್ಲ್ಯುಪಿಎಸ್ ಎಂಬ ಸೌಲಭ್ಯವನ್ನು ತಂದರು. ರೂಟರಿನ ತಳದ ಚೀಟಿಯಲ್ಲಿರುವ ಎಂಟು ಅಂಕಿಗಳ ಸಂಖ್ಯೆಯನ್ನು ಕೊಟ್ಟರೆ ಸಂಪರ್ಕ ಸಿಗುತ್ತದೆ. ಎಂಟು ಅಂಕಿಗಳಿಂದ ಹತ್ತು ಕೋಟಿ ಸಂಖ್ಯೆಗಳಾಗುತ್ತವೆ. ಕೊನೆಯ ಅಂಕಿ ಬರೀ ಪರೀಕ್ಷಾ ಅಂಕಿಯಾದ್ದರಿಂದ ಅದು ಒಂದು ಕೋಟಿಗೆ ಇಳಿಯುತ್ತದೆ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ರೂಟರು ಮೊದಲ ನಾಲ್ಕು ಅಂಕಿಗಳು ಸರಿಯೇ ತಪ್ಪೇ ಎಂದು ಬೇರೆಯಾಗಿ ಹೇಳಿಬಿಡುತ್ತಿತ್ತು! ಮೊದಲರ್ಧಕ್ಕೆ ಹತ್ತು ಸಾವಿರ, ಉಳಿದ ಮೂರು ಅಂಕಿಗಳಿಗೆ ಒಂದು ಸಾವಿರ, ಒಟ್ಟು ಹನ್ನೊಂದು ಸಾವಿರ ಪ್ರಯತ್ನ. ಒಂದು ಪ್ರಯತ್ನಕ್ಕೆ ಎರಡು ಸೆಕೆಂಡು ಎಂದರೂ ಆರು ಗಂಟೆ ಏಳು ನಿಮಿಷದಲ್ಲಿ ಮುಗಿಯುತ್ತದೆ. ಆಸ್ಟ್ರಿಯಾದ ಸ್ಟೆಫಾನ್ ವೀಬಾಕ್ 2011ರ ಡಿಸೆಂಬರಿನಲ್ಲಿ ಇದನ್ನು ಪ್ರಕಟಿಸಿದರು. ಗುಣಿಸಬೇಕಾದಲ್ಲಿ ಕೂಡಿಸುವಂತೆ ಮಾಡಿದ ಈ ವಿನ್ಯಾಸದ ಬಗ್ಗೆ ಸಲಹಾಪಟ್ಟಿಗಳಲ್ಲಿ ಅಪರೂಪಕ್ಕೊಮ್ಮೆ ಮಾತ್ರ ಉಲ್ಲೇಖ ಸಿಗುತ್ತದೆ. ರೂಟರಿನಲ್ಲಿ ಆ ಸೌಲಭ್ಯವನ್ನು ಆರಿಸಿಬಿಡುವುದು ಹೆಸರು ಮರೆಮಾಡುವುದಕ್ಕಿಂತ ಎಷ್ಟೋ ಪಾಲು ಮುಖ್ಯ.

ಹತ್ತು ಅಂಕಿಗಳ ಪಾಸ್‌ವರ್ಡ್

ಈಗ ಉಳಿದದ್ದು ಗೃಹಸ್ಥನ ಪಾಲಿನ ಕೆಲಸ, ಪಾಸ್‌ವರ್ಡ್. ಡಬ್ಲ್ಯುಪಿಎ2ರಲ್ಲಿ ಅದು 8ರಿಂದ 63 ಅಕ್ಷರಗಳವರೆಗೆ ಇರಬಹುದು. ಮೊಬೈಲು ಮತ್ತು ರೂಟರಿನ ನಡುವೆ ಸಂಪರ್ಕದ ಆರಂಭದಲ್ಲಿ ನಡೆಯುವ ನಾಲ್ಕು ಸಂದೇಶಗಳ ವಿನಿಮಯವನ್ನು ಹಿಡಿದಿಟ್ಟುಕೊಂಡವನು ಅದನ್ನು ಮನೆಗೆ ಒಯ್ದು, ನಿಧಾನವಾಗಿ ಕುಳಿತು ಒಂದೊಂದೇ ಪಾಸ್‌ವರ್ಡನ್ನು ಊಹಿಸಿ ತಾಳೆ ನೋಡಬಹುದು. ರೂಟರಿಗೆ ಇದರ ಸುಳಿವೂ ಹತ್ತುವುದಿಲ್ಲ. ಊಹೆಯನ್ನು ನಿಧಾನಗೊಳಿಸಲೆಂದೇ ಪ್ರತಿ ಪಾಸ್‌ವರ್ಡನ್ನೂ 4096 ಸುತ್ತು ಅರೆಯುವ ಏರ್ಪಾಡಿದೆ. ಆದರೂ ಆಟಕ್ಕೆಂದು ಮಾರುವ ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡು ಸೆಕೆಂಡಿಗೆ ಹತ್ತು ಲಕ್ಷಕ್ಕೂ ಹೆಚ್ಚು ಊಹೆಗಳನ್ನು ಪರೀಕ್ಷಿಸಬಲ್ಲದು.

ನಮ್ಮಲ್ಲಿ ತುಂಬ ಮನೆಗಳ ವೈ-ಫೈ ಪಾಸ್‌ವರ್ಡ್ ಯಜಮಾನರ ಮೊಬೈಲ್ ಸಂಖ್ಯೆ. ಜೋಡಿಸಲು ಬಂದ ಹುಡುಗನೇ ‘ನಂಬರ್ ಹೇಳಿ ಸಾರ್, ಅದನ್ನೇ ಹಾಕ್ತೀನಿ, ಮರೆಯೋದಿಲ್ಲ’ ಎನ್ನುವುದುಂಟು. ಹತ್ತು ಅಂಕಿ ಎಂದಾಗ ಉದ್ದವಾಗಿಯೇ ಕಾಣುತ್ತದೆ. ಲೆಕ್ಕ ಮಾಡೋಣ. ಭಾರತದ ಮೊಬೈಲ್ ಸಂಖ್ಯೆಗಳು 6, 7, 8 ಅಥವಾ 9ರಿಂದ ಆರಂಭವಾಗುತ್ತವೆ. ಹಾಗಾಗಿ ಹೆಚ್ಚೆಂದರೆ ನಾಲ್ಕು ನೂರು ಕೋಟಿ ಸಾಧ್ಯತೆಗಳು. ಸೆಕೆಂಡಿಗೆ ಹತ್ತು ಲಕ್ಷದಂತೆ ನಾಲ್ಕು ಸಾವಿರ ಸೆಕೆಂಡು, ಅಂದರೆ ಒಂದು ಗಂಟೆ ಏಳು ನಿಮಿಷದಲ್ಲಿ ಎಲ್ಲವೂ ಮುಗಿಯುತ್ತದೆ. ಅದೂ ಯಜಮಾನರ ಸಂಖ್ಯೆಯನ್ನು ಗೇಟಿನ ಬಳಿಯ ‘ಮನೆ ಬಾಡಿಗೆಗಿದೆ’ ಬೋರ್ಡಿನಲ್ಲಿ ಬರೆದಿರದಿದ್ದರೆ.

ಇದು ಬರೀ ಕಾಗದದ ಲೆಕ್ಕವಲ್ಲ. 2021ರಲ್ಲಿ ಸೈಬರ್‌ಆರ್ಕ್ ಸಂಸ್ಥೆಯ ಸಂಶೋಧಕರೊಬ್ಬರು ಇಸ್ರೇಲಿನ ಟೆಲ್ ಅವೀವ್ ನಗರದಲ್ಲಿ ಓಡಾಡಿ ಐದು ಸಾವಿರ ವೈ-ಫೈ ಜಾಲಗಳ ಮಾಹಿತಿಯನ್ನು ಹಿಡಿದು, ಅವುಗಳಲ್ಲಿ ಸುಮಾರು ನೂರಕ್ಕೆ ಎಪ್ಪತ್ತರ ಪಾಸ್‌ವರ್ಡನ್ನು ಕಂಡುಹಿಡಿದರು. ಅದರಲ್ಲಿ ದೊಡ್ಡ ಪಾಲು ಅಲ್ಲಿನ ಜನರ ಮೊಬೈಲ್ ಸಂಖ್ಯೆಗಳೇ.

ಪಾಸ್‌ವರ್ಡಿನಲ್ಲಿ ದೊಡ್ಡಕ್ಷರ, ಅಂಕಿ, ಚಿಹ್ನೆ ಬೆರೆಸಿ ಎಂದು ಪಟ್ಟಿಗಳು ಹೇಳುತ್ತವೆ. ಜನ ಆಗ ಮಗಳ ಹೆಸರಿನ ಮೊದಲಕ್ಷರವನ್ನು ದೊಡ್ಡದು ಮಾಡಿ, ಮುಂದೆ ಹುಟ್ಟಿದ ಇಸವಿ, ಕೊನೆಗೆ ಒಂದು ಅಟ್ ಚಿಹ್ನೆ ಹಾಕುತ್ತಾರೆ. ಊಹಿಸುವ ತಂತ್ರಾಂಶಗಳು ಮೊದಲು ಪರೀಕ್ಷಿಸುವುದೇ ಇಂಥ ರೂಪಗಳನ್ನು. ಇದಕ್ಕಿಂತ ಉದ್ದ ಮುಖ್ಯ. ದಾಳ ಎಸೆದು, ಅಥವಾ ನಿಘಂಟನ್ನು ಕಣ್ಣುಮುಚ್ಚಿ ತೆರೆದು, ಪರಸ್ಪರ ಸಂಬಂಧವಿಲ್ಲದ ಐದು ಪದಗಳನ್ನು ಆರಿಸಿಕೊಳ್ಳಿ. ದಾಳವನ್ನು ಐದು ಸಲ ಎಸೆದರೆ 7776 ಫಲಗಳಿವೆ. ಅಷ್ಟೇ ಪದಗಳ ಪಟ್ಟಿಯಿಂದ ನಾಲ್ಕು ಪದ ಆರಿಸಿದರೆ, ಅದೇ ಕಾರ್ಡಿಗೆ ಎಲ್ಲ ಸಾಧ್ಯತೆಗಳನ್ನೂ ನೋಡಿ ಮುಗಿಸಲು ನೂರಕ್ಕೂ ಹೆಚ್ಚು ವರ್ಷ ಬೇಕು. ಐದನೆಯ ಪದ ಸೇರಿಸಿದರೆ ಅದು ಸುಮಾರು ಒಂಬತ್ತು ಲಕ್ಷ ವರ್ಷ. ಕನ್ನಡದ ಪದಗಳನ್ನು ರೋಮನ್ ಲಿಪಿಯಲ್ಲಿ ಬರೆದರೆ ನೆನಪಿಡುವುದೂ ಸುಲಭ: ಹಲಸು, ತಕ್ಕಡಿ, ಸೈಕಲ್, ಸೊಸೆ, ಗುಡುಗು ಎಂಬಂತೆ. (ಇದನ್ನೇ ಹಾಕಿಕೊಳ್ಳಬೇಡಿ, ಅಚ್ಚಾಗಿಬಿಟ್ಟಿದೆ.) ಗಾದೆ, ಹಾಡಿನ ಸಾಲು, ದೇವರ ಸ್ತೋತ್ರ ಉದ್ದವಾಗಿದ್ದರೂ ಪ್ರಯೋಜನವಿಲ್ಲ; ಅವು ಎಲ್ಲರಿಗೂ ಗೊತ್ತಿರುವಂಥವು.

ಚಹಾಕ್ಕಿಂತ ಮೊದಲು ವೈ-ಫೈ ಕೇಳುವ ನೆಂಟರಿಗೆ ಐದು ಪದ ಹೇಳುವುದು ಕಷ್ಟವೆಂದಾದರೆ ‘ಅತಿಥಿ ಜಾಲ’ ಎಂಬ ಸೌಲಭ್ಯ ಬಹುಪಾಲು ರೂಟರುಗಳಲ್ಲಿದೆ. ಮನೆಯ ಗಣಕಗಳಿಂದ ಅದು ಬೇರೆಯಾಗಿರುತ್ತದೆ. ಅಗ್ಗದ ಕ್ಯಾಮರಾ, ಸ್ಮಾರ್ಟ್ ಬಲ್ಬುಗಳನ್ನೂ ಅಲ್ಲಿಗೇ ಕಳುಹಿಸಬಹುದು. 2018ರಲ್ಲಿ ಪ್ರಕಟವಾದ ಡಬ್ಲ್ಯುಪಿಎ3ರಲ್ಲಿ, ಹಿಡಿದಿಟ್ಟ ವಿನಿಮಯವನ್ನು ಮನೆಗೊಯ್ದು ಊಹಿಸುವ ದಾರಿಯನ್ನೇ ಮುಚ್ಚುವಂತೆ ವಿನ್ಯಾಸವಿದೆ. 2019ರಲ್ಲಿ ಅದರಲ್ಲೂ ಕೆಲವು ಬಿರುಕುಗಳು ಕಂಡು, ತಂತ್ರಾಂಶದ ತಿದ್ದುಪಡಿಗಳು ಬಂದವು. ಡಬ್ಲ್ಯುಪಿಎ2ರ ವಿನಿಮಯದಲ್ಲೇ ಒಂದು ದೋಷವನ್ನು 2017ರಲ್ಲಿ ಬೆಲ್ಜಿಯಂನ ಮ್ಯಾಥಿ ವಾನ್‌ಹೂಫ್ ತೋರಿಸಿಕೊಟ್ಟಾಗಲೂ ಪರಿಹಾರ ಸಿಕ್ಕಿದ್ದು ಹೀಗೆಯೇ, ತಿದ್ದುಪಡಿಯಿಂದ. ಆ ತಿದ್ದುಪಡಿಗಳು ನಮ್ಮ ಮನೆಯ ರೂಟರಿಗೆ ಬಂದು ಸೇರುತ್ತವೆಯೇ ಎಂಬುದು ಬೇರೆ ಮಾತು.

ಹಿಂಬಾಗಿಲು

ಇಲ್ಲಿಯವರೆಗೆ ನೋಡಿದ ಅತಿಕ್ರಮಿಗಳು ರೇಡಿಯೊ ವ್ಯಾಪ್ತಿಯೊಳಗೆ ಬರಬೇಕಾದವರು. ಆದರೆ ಮನೆಯ ರೂಟರುಗಳ ಮೇಲೆ ನಡೆದ ದೊಡ್ಡ ದಾಳಿಗಳು ಗಾಳಿಯಲ್ಲಿ ಬಂದವಲ್ಲ, ತಂತಿಯಲ್ಲಿ ಬಂದವು. ಇದನ್ನು ಹೇಳದಿರುವುದು ಸಲಹಾಪಟ್ಟಿಗಳ ಅತಿ ದೊಡ್ಡ ಲೋಪ ಎಂದು ನನ್ನ ಎಣಿಕೆ.

ಪ್ರತಿ ರೂಟರಿಗೂ ವೈ-ಫೈ ಪಾಸ್‌ವರ್ಡ್ ಅಲ್ಲದೆ ಇನ್ನೊಂದು ಪಾಸ್‌ವರ್ಡ್ ಇದೆ, ಅದರ ಆಡಳಿತ ಪುಟದ್ದು. ‘ಪಾಸ್‌ವರ್ಡ್ ಬದಲಾಯಿಸಿ’ ಎಂಬ ಸಲಹೆ ಇವೆರಡರಲ್ಲಿ ಯಾವುದನ್ನು ಕುರಿತದ್ದು ಎಂಬುದು ಅನೇಕ ಪಟ್ಟಿಗಳಲ್ಲಿ ಸ್ಪಷ್ಟವಾಗಿರುವುದಿಲ್ಲ. ಬಹುಕಾಲ ಇದು ಕಾರ್ಖಾನೆಯಿಂದ ಬರುವಾಗಲೇ ‘ಅಡ್ಮಿನ್’ ಎಂಬ ಹೆಸರು, ‘ಅಡ್ಮಿನ್’ ಎಂಬ ಪಾಸ್‌ವರ್ಡ್ ಎಂದು ಇರುತ್ತಿತ್ತು. ಒಂದು ಮಾದರಿಯ ಲಕ್ಷಾಂತರ ಪೆಟ್ಟಿಗೆಗಳಿಗೂ ಒಂದೇ ಕೀಲಿ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಇಂಥ ಅರವತ್ತರಷ್ಟು ಸಿದ್ಧ ಜೋಡಿಗಳ ಪಟ್ಟಿಯನ್ನು ಹಿಡಿದುಕೊಂಡೇ ಲಕ್ಷಾಂತರ ಕ್ಯಾಮರಾ ಮತ್ತು ರೂಟರುಗಳನ್ನು ವಶಪಡಿಸಿಕೊಂಡಿತು. ಅದರ ಅಕ್ಟೋಬರ್ 21ರ ದಾಳಿಗೆ ಅಮೆರಿಕದಲ್ಲಿ ಹಲವು ಪ್ರಮುಖ ಜಾಲತಾಣಗಳು ತಾಸುಗಟ್ಟಲೆ ಸಿಗದಾದವು. 2017ರ ಜುಲೈನಲ್ಲಿ ನಮ್ಮಲ್ಲೇ, ಕರ್ನಾಟಕವೂ ಸೇರಿದಂತೆ, ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್‌ನ ಸಾವಿರಾರು ಮೋಡೆಮ್‌ಗಳು ಇಂಥ ತಂತ್ರಾಂಶದ ದಾಳಿಗೆ ಸಿಕ್ಕು ಕೆಲಸ ನಿಲ್ಲಿಸಿದವು. ಸಿಕ್ಕಿಬಿದ್ದವು ಕಾರ್ಖಾನೆಯ ಪಾಸ್‌ವರ್ಡನ್ನು ಬದಲಿಸದೆ ಇದ್ದವು.

ಕೆಲಸ ನಿಂತರೆ ಗೊತ್ತಾದರೂ ಆಗುತ್ತದೆ. ಬ್ರೆಜಿಲ್‌ನಲ್ಲಿ 2011ರಿಂದ ನಡೆದದ್ದು ಅದಕ್ಕಿಂತ ಅಪಾಯಕಾರಿ. ಅಲ್ಲಿ ಸುಮಾರು 45 ಲಕ್ಷ ಡಿಎಸ್‌ಎಲ್ ಮೋಡೆಮ್‌ಗಳ ಫರ್ಮ್‌ವೇರ್‌ನಲ್ಲಿದ್ದ ದೋಷವನ್ನು ಬಳಸಿಕೊಂಡು, ಜಾಲತಾಣಗಳ ಹೆಸರನ್ನು ವಿಳಾಸವಾಗಿ ಬದಲಿಸುವ ಡಿಎನ್‌ಎಸ್ ವ್ಯವಸ್ಥೆಯನ್ನು ಕಳ್ಳರು ತಮ್ಮ ಕಡೆಗೆ ತಿರುಗಿಸಿಕೊಂಡರು. ಬ್ಯಾಂಕಿನ ಸರಿಯಾದ ಹೆಸರನ್ನೇ ಟೈಪು ಮಾಡಿದವರು ನಕಲಿ ತಾಣಕ್ಕೆ ಹೋಗುವಂತಾಯಿತು. ಮನೆಯ ಗಣಕದಲ್ಲಿ ವೈರಸ್ ಇರಲಿಲ್ಲ, ಪಕ್ಕದಲ್ಲಿ ಯಾವ ಕಾರೂ ನಿಂತಿರಲಿಲ್ಲ, ವೈ-ಫೈ ಪಾಸ್‌ವರ್ಡ್ ಎಷ್ಟೇ ಉದ್ದವಿದ್ದರೂ ಉಪಯೋಗವಿರಲಿಲ್ಲ.

ಇದಕ್ಕೆ ಗೃಹಸ್ಥ ಮಾಡಬಹುದಾದ ಕೆಲಸ ಅರ್ಧ ಗಂಟೆಯದು. ಆಡಳಿತ ಪುಟದ ಪಾಸ್‌ವರ್ಡ್ ಬದಲಿಸುವುದು, ಹೊರಗಿನಿಂದ ಆಡಳಿತ ನಡೆಸುವ ಆಯ್ಕೆ ಇದ್ದರೆ ಆರಿಸುವುದು, ಫರ್ಮ್‌ವೇರ್ ತಾನಾಗಿ ನವೀಕರಣಗೊಳ್ಳುವ ಆಯ್ಕೆಯನ್ನು ಹಾಕುವುದು. ಅಂತರಜಾಲ ಕಂಪನಿಯೇ ಕೊಟ್ಟ ಪೆಟ್ಟಿಗೆಯಾದರೆ ಇವುಗಳಲ್ಲಿ ಕೆಲವನ್ನು ಮುಟ್ಟಲು ಅವಕಾಶವಿಲ್ಲದಿರಬಹುದು. ಆಗ ಕಂಪನಿಯನ್ನೇ ಕೇಳಬೇಕು.

ಉಳಿದದ್ದು ತಯಾರಕರ ಮತ್ತು ಸರಕಾರದ ಕೆಲಸ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ಮನೆಬಳಕೆಯ ಅಂತರಜಾಲ ಸಾಧನಗಳಿಗೆ ಎಲ್ಲಕ್ಕೂ ಒಂದೇ ಆದ ಸಿದ್ಧ ಪಾಸ್‌ವರ್ಡ್ ಇಡುವಂತಿಲ್ಲ. ಎಷ್ಟು ಕಾಲ ಸುರಕ್ಷತಾ ತಿದ್ದುಪಡಿಗಳನ್ನು ಕೊಡುತ್ತೇವೆ ಎಂಬುದನ್ನೂ ತಯಾರಕರು ಪ್ರಕಟಿಸಬೇಕು. ನಮ್ಮಲ್ಲಿ ದೂರಸಂಪರ್ಕ ಇಲಾಖೆಯ ಅಧೀನದಲ್ಲಿ ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಸಂವಹನ ಸುರಕ್ಷಾ ಕೇಂದ್ರವು ವೈ-ಫೈ ರೂಟರುಗಳಿಗೂ ಸುರಕ್ಷತಾ ಅಗತ್ಯಗಳ ದಾಖಲೆಯನ್ನು ಸಿದ್ಧಪಡಿಸಿದೆ. ಅದು ಪ್ರಯೋಗಾಲಯದವರು ಓದುವ ದಾಖಲೆ. ಅಂಗಡಿಯಲ್ಲಿ ನಿಂತು ಎರಡು ಡಬ್ಬಿಗಳಲ್ಲಿ ಯಾವುದನ್ನು ಕೊಳ್ಳಲಿ ಎಂದು ನೋಡುವವರಿಗೆ ಅದರ ಸಾರ ಡಬ್ಬಿಯ ಮೇಲೆಯೇ ಕಾಣಬೇಕು. ಮೂವತ್ತು ರೂಪಾಯಿಯ ಮಾತ್ರೆ ಪಟ್ಟಿಯ ಮೇಲೆ ಎಂದಿನವರೆಗೆ ಬಳಸಬಹುದೆಂದು ಅಚ್ಚಾಗಿರುತ್ತದೆ. ಎರಡು ಸಾವಿರ ರೂಪಾಯಿಯ ರೂಟರಿನ ಡಬ್ಬಿಯ ಮೇಲೆ ಆಂಟೆನಾಗಳ ಸಂಖ್ಯೆ ಇರುತ್ತದೆ, ವೇಗ ಇರುತ್ತದೆ, ಇಡೀ ಮನೆಗೆ ವ್ಯಾಪ್ತಿ ಎಂಬ ಚಿತ್ರವೂ ಇರುತ್ತದೆ. ತಿದ್ದುಪಡಿಗಳು ಯಾವ ಇಸವಿಯವರೆಗೆ ಬರುತ್ತವೆ ಎಂದು ಅಂಗಡಿಯವರನ್ನು ಕೇಳಿ ನೋಡಿ.